ಹರಡದ, ಆದರೆ ಬಿಡದ ಗಂಟು: ಡೆಸ್ಮಾಯ್ಡ್ ಗಡ್ಡೆಗೆ ಇರುವ ಚಿಕಿತ್ಸೆಗಳು

ಡೊಂಬಿವಲಿಯಲ್ಲಿರುವ ನಮ್ಮ ಬಂಧುಗಳ ಮನೆಯ ಸೊಸೆಗೆ 31 ವರ್ಷ. ಸಿಸೇರಿಯನ್ ಆಗಿ ಎರಡು ವರ್ಷದ ಮೇಲೆ, ಹೊಲಿಗೆ ಹಾಕಿದ ಗಾಯದ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡದಾದ, ಒತ್ತಿದರೂ ಜರುಗದ ಗಂಟೊಂದು ಆಕೆಯ ಕೈಗೆ ಸಿಕ್ಕಿತು. ಬಯಾಪ್ಸಿಯ ವರದಿಯಲ್ಲಿ ‘ಡೆಸ್ಮಾಯ್ಡ್ ಫೈಬ್ರೊಮ್ಯಾಟೋಸಿಸ್’ ಎಂದು ಬರೆದಿತ್ತು. ಮನೆಯಲ್ಲಿ ಯಾರೂ ಕೇಳಿರದ ಹೆಸರು. ಮುಂಬಯಿಯ ಪರೇಲಿನಲ್ಲಿರುವ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದ್ದಾರೆಂದ ಮೇಲೆ ಇದು ಕ್ಯಾನ್ಸರೇ ಎಂದು ಎಲ್ಲರೂ ನಿರ್ಧರಿಸಿಬಿಟ್ಟಿದ್ದರು. ಆದರೆ ಅಲ್ಲಿಂದ ಬಂದ ಮಾತು ಅವರನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತು. ಆಕೆಯ ಅತ್ತೆ ಅಂದು ರಾತ್ರಿ ಫೋನ್ ಮಾಡಿ, “ಆಪರೇಷನ್ ಯಾವಾಗ ಅಂತ ಕೇಳಿದರೆ, ಈಗ ಏನೂ ಬೇಡ, ಎಂಆರ್‌ಐ ಮಾಡಿಸಿಕೊಂಡು ಮತ್ತೆ ಬನ್ನಿ ಅಂತಾರಲ್ಲ! ಗಡ್ಡೆ ಇದೆ ಅಂತ ಗೊತ್ತಾದ ಮೇಲೂ ಹಾಗೇ ಬಿಡುವುದುಂಟಾ?” ಎಂದು ಕೇಳಿದರು.

ಅವರ ಪ್ರಶ್ನೆ ನ್ಯಾಯವಾದದ್ದು. ಗಡ್ಡೆ ಎಂದರೆ ಬೇಗ ತೆಗೆಸಬೇಕು ಎಂಬುದನ್ನು ನಾವೆಲ್ಲ ಕೇಳುತ್ತಲೇ ಬೆಳೆದಿದ್ದೇವೆ. ಹೆಚ್ಚಿನ ಕ್ಯಾನ್ಸರ್‌ಗಳ ವಿಷಯದಲ್ಲಿ ಅದು ಸರಿಯೂ ಹೌದು. ಡೆಸ್ಮಾಯ್ಡ್ ಮಾತ್ರ ಆ ಲೆಕ್ಕಕ್ಕೆ ಸಿಗುವುದಿಲ್ಲ. ಏಕೆ ಸಿಗುವುದಿಲ್ಲ, ಹಾಗಾದರೆ ಅದಕ್ಕಿರುವ ಚಿಕಿತ್ಸೆಗಳೇನು, ಯಾವುದು ಯಾವಾಗ ಬೇಕಾಗುತ್ತದೆ ಎಂಬುದನ್ನು ಇಲ್ಲಿ ಮೊದಲಿನಿಂದ ಬಿಡಿಸಿ ಹೇಳಿದ್ದೇನೆ. ಒಬ್ಬೊಬ್ಬ ರೋಗಿಯ ಮಟ್ಟಿಗೆ ಏನು ಮಾಡಬೇಕೆಂಬುದನ್ನು ಅವರನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು.

ಇದು ಯಾವ ಜಾತಿಯ ಗಡ್ಡೆ?

ನಮ್ಮ ದೇಹದಲ್ಲಿ ಮೂಳೆಯನ್ನೂ ಯಕೃತ್ತು, ಮೂತ್ರಪಿಂಡಗಳಂಥ ಅಂಗಗಳನ್ನೂ ಬಿಟ್ಟರೆ ಉಳಿಯುವ ಸ್ನಾಯು, ಕೊಬ್ಬು, ನರ, ರಕ್ತನಾಳ, ಇವೆಲ್ಲವನ್ನೂ ಒಂದಕ್ಕೊಂದು ಹಿಡಿದು ಕಟ್ಟುವ ನಾರಿನಂಥ ಪದರಗಳು, ಒಟ್ಟಾಗಿ ‘ಮೃದು ಅಂಗಾಂಶ’ ಎನಿಸಿಕೊಳ್ಳುತ್ತವೆ. ಈ ನಾರನ್ನು ನೇಯುವ ಕೋಶಗಳಿಗೆ ಫೈಬ್ರೊಬ್ಲಾಸ್ಟ್ ಎಂದು ಹೆಸರು. ಕೈ ಕೊಯ್ದುಕೊಂಡಾಗ ಗಾಯದ ಬಾಯಿ ಮುಚ್ಚಿ ಕಲೆ ಕಟ್ಟುವುದು ಇವುಗಳ ಕೆಲಸದಿಂದಲೇ. ಈ ಕೋಶಗಳು ಕೆಲಸ ಮುಗಿದರೂ ನಿಲ್ಲದೆ ನಾರು ನೇಯುತ್ತಲೇ ಹೋದಾಗ ಉಂಟಾಗುವ ಗಟ್ಟಿ ಗಂಟೇ ಡೆಸ್ಮಾಯ್ಡ್. ಗ್ರೀಕ್ ಭಾಷೆಯಲ್ಲಿ ‘ಡೆಸ್ಮೋಸ್’ ಎಂದರೆ ಕಟ್ಟು, ಪಟ್ಟಿ. ಕೊಯ್ದು ನೋಡಿದರೆ ಗಡ್ಡೆ ಸ್ನಾಯುರಜ್ಜುವಿನ ಹಾಗೆ ಬೆಳ್ಳಗೆ, ಬಿಗಿಯಾಗಿ ಕಾಣುವುದರಿಂದ ಜರ್ಮನಿಯ ಶರೀರವಿಜ್ಞಾನಿ ಯೋಹಾನೆಸ್ ಮ್ಯುಲ್ಲರ್ 1838ರಲ್ಲಿ ಈ ಹೆಸರಿಟ್ಟರು.

ಯಾವುದೇ ಗಡ್ಡೆಯ ಬಗ್ಗೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಅದು ರಕ್ತದ ಮೂಲಕ ಶ್ವಾಸಕೋಶಕ್ಕೋ ಯಕೃತ್ತಿಗೋ ಹರಡುತ್ತದೆಯೇ? ಡೆಸ್ಮಾಯ್ಡ್ ಹರಡುವುದಿಲ್ಲ. ಇದ್ದ ಜಾಗದಲ್ಲಿಯೇ ಅಕ್ಕಪಕ್ಕದ ಭಾಗಗಳಿಗೆ ನುಗ್ಗುತ್ತದೆಯೇ? ನುಗ್ಗುತ್ತದೆ, ಕೆಲವೊಮ್ಮೆ ಬಲವಾಗಿಯೇ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದನ್ನು ನಿರಪಾಯದ ಗಡ್ಡೆಗೂ ಕ್ಯಾನ್ಸರಿಗೂ ನಡುವಿನ, ‘ಸ್ಥಳೀಯವಾಗಿ ಆಕ್ರಮಣಕಾರಿ’ ಎಂಬ ಮಧ್ಯಮ ಗುಂಪಿನಲ್ಲಿ ಇಟ್ಟಿರುವುದು ಇದೇ ಕಾರಣಕ್ಕೆ. ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುವುದು ಇದು ಕ್ಯಾನ್ಸರ್ ಆಗಿರುವುದರಿಂದಲ್ಲ, ಇಂಥ ಅಪರೂಪದ ಗಡ್ಡೆಗಳನ್ನು ನೋಡಿ ಅನುಭವವಿರುವವರು ಅಲ್ಲಿ ಇರುವುದರಿಂದ.

ಅಪರೂಪ ಎಂದರೆ ಎಷ್ಟು? ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವುದು ಸುಮಾರು 2ರಿಂದ 6 ಮಂದಿಯಲ್ಲಿ. ಹೆಚ್ಚಾಗಿ 15ರಿಂದ 60 ವರ್ಷದೊಳಗಿನವರಲ್ಲಿ, ಅದರಲ್ಲೂ ಮೂವತ್ತರ ಆಸುಪಾಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹೊಟ್ಟೆಯ ಗೋಡೆ, ಭುಜ, ಕತ್ತು, ಎದೆಯ ಗೋಡೆ, ತೊಡೆ, ಹೊಟ್ಟೆಯೊಳಗೆ ಕರುಳನ್ನು ಹಿಡಿದಿರುವ ಪದರ ಇವು ಸಾಮಾನ್ಯವಾದ ಜಾಗಗಳು. ಹಿಂದೆ ಆಪರೇಷನ್ ಆದ ಅಥವಾ ಪೆಟ್ಟು ಬಿದ್ದ ಜಾಗದಲ್ಲಿ, ಹೆರಿಗೆಯ ನಂತರದ ವರ್ಷಗಳಲ್ಲಿ ಕಾಣಿಸಿಕೊಳ್ಳುವುದುಂಟು. ಹಾಗೆಂದು ಸಿಸೇರಿಯನ್ ಮಾಡಿದ ವೈದ್ಯರದಾಗಲಿ, ಮಾಡಿಸಿಕೊಂಡ ತಾಯಿಯದಾಗಲಿ ಇದರಲ್ಲಿ ತಪ್ಪೇನೂ ಇಲ್ಲ. ಆ ಮನೆಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಹೇಳಬೇಕಾಗಿ ಬಂದದ್ದು ಇದನ್ನೇ.

ಕೋಶಗಳು ಏಕೆ ನಿಲ್ಲುವುದಿಲ್ಲ?

ಒಂದು ಹೌಸಿಂಗ್ ಸೊಸೈಟಿಯನ್ನು ಕಲ್ಪಿಸಿಕೊಳ್ಳಿ. ಗೋಡೆ ಬಿರುಕು ಬಿಟ್ಟಿದೆ, ಗೇಟಿನ ಬಳಿಯ ಫಲಕದ ಮೇಲೆ ‘ದುರಸ್ತಿ ನಡೆಯಲಿ’ ಎಂದು ಚೀಟಿ ಅಂಟಿಸುತ್ತಾರೆ. ಚೀಟಿ ನೋಡಿ ಗಾರೆಯವರು ಕೆಲಸ ಮಾಡುತ್ತಾರೆ. ಸಂಜೆಯಾದರೆ ವಾಚ್‌ಮನ್ ಬಂದು ಚೀಟಿಯನ್ನು ಕಿತ್ತುಹಾಕುತ್ತಾನೆ, ಕೆಲಸ ನಿಲ್ಲುತ್ತದೆ. ಕೋಶದಲ್ಲಿ ಈ ಚೀಟಿಯ ಸ್ಥಾನದಲ್ಲಿರುವುದು ಬೀಟಾ-ಕೆಟೆನಿನ್ ಎಂಬ ಪ್ರೋಟೀನ್. ಅದನ್ನು ಆಗಿಂದಾಗ್ಗೆ ಒಡೆದುಹಾಕುವ ವಾಚ್‌ಮನ್ ತಂಡದ ಮುಖ್ಯ ಸದಸ್ಯ ಎಪಿಸಿ ಎಂಬ ಇನ್ನೊಂದು ಪ್ರೋಟೀನ್.

ಡೆಸ್ಮಾಯ್ಡ್ ಆದವರಲ್ಲಿ ಸುಮಾರು 85ರಿಂದ 90 ಪ್ರತಿಶತ ಮಂದಿಯಲ್ಲಿ ಬೀಟಾ-ಕೆಟೆನಿನ್‌ನ ಜೀನ್‌ನಲ್ಲಿಯೇ ಒಂದು ಸಣ್ಣ ಬದಲಾವಣೆ ಆಗಿರುತ್ತದೆ. ಚೀಟಿಗೆ ಎಂಥ ಅಂಟು ಹಚ್ಚಿದೆಯೆಂದರೆ ವಾಚ್‌ಮನ್ನಿಗೆ ಕೀಳಲು ಆಗುವುದಿಲ್ಲ. ಈ ಬದಲಾವಣೆ ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತದೆ, ಮಕ್ಕಳಿಗೆ ದಾಟುವುದಿಲ್ಲ. ಉಳಿದ ಕೆಲವರಲ್ಲಿ ಚೀಟಿ ಸರಿಯಾಗಿದ್ದು ವಾಚ್‌ಮನ್ನೇ ಕೆಟ್ಟಿರುತ್ತಾನೆ, ಅಂದರೆ ಎಪಿಸಿ ಜೀನ್‌ನ ದೋಷ ಹುಟ್ಟಿನಿಂದ ಬಂದಿರುತ್ತದೆ. ಅಂಥವರ ದೊಡ್ಡ ಕರುಳಿನ ಒಳಗೋಡೆಯಲ್ಲಿ ಸಣ್ಣ ಗಂಟುಗಳಂಥ ನೂರಾರು ಪಾಲಿಪ್‌ಗಳು ಬೆಳೆದು ಮುಂದೆ ಕರುಳಿನ ಕ್ಯಾನ್ಸರ್ ಆಗಬಹುದಾದ್ದರಿಂದ, ಗಡ್ಡೆಯಲ್ಲಿ ಬೀಟಾ-ಕೆಟೆನಿನ್‌ನ ಬದಲಾವಣೆ ಸಿಗದಿದ್ದರೆ ವೈದ್ಯರು ಕೊಲೊನೊಸ್ಕೋಪಿ ಮಾಡಿಸಿ ಎನ್ನುತ್ತಾರೆ. ಗಂಟು ಭುಜದ ಮೇಲಿರುವಾಗ ಕರುಳಿನ ಪರೀಕ್ಷೆ ಏಕೆ ಎಂದು ಮನೆಯವರು ಬೇಸರಪಡುವುದುಂಟು, ಕಾರಣ ಇದು.

ಸ್ಲೈಡ್ ಮತ್ತು ಬ್ಲಾಕ್

ಸಣ್ಣ ಸೂಜಿಯಿಂದ ಕೋಶಗಳನ್ನು ಹೀರಿ ನೋಡುವ ಎಫ್‌ಎನ್‌ಎಸಿ ಪರೀಕ್ಷೆ ಇಲ್ಲಿ ಸಾಲುವುದಿಲ್ಲ. ನಾರು ಹೆಚ್ಚು, ಕೋಶ ಕಡಿಮೆ ಇರುವ ಗಡ್ಡೆಯಾದ್ದರಿಂದ ದಪ್ಪ ಸೂಜಿಯಲ್ಲಿ ಸಣ್ಣ ಕಡ್ಡಿಯಂಥ ತುಣುಕನ್ನು ತೆಗೆಯುವ ಟ್ರೂಕಟ್ ಬಯಾಪ್ಸಿ ಬೇಕು. ಆ ತುಣುಕನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುತ್ತಾರೆ. ಬೆರಳಿನ ತುದಿಯಷ್ಟು ಮೇಣ, ಸಣ್ಣ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂತಿರುತ್ತದೆ. ಅದರಿಂದ ಕೂದಲಿಗಿಂತ ತೆಳುವಾದ ಪದರಗಳನ್ನು ಕೊಯ್ದು ಗಾಜಿನ ಮೇಲೆ ಹಾಸಿದರೆ ಸ್ಲೈಡ್. ಹಳೆಯ ಗಾಯದ ಕಲೆಯೂ, ನಿಧಾನವಾಗಿ ಬೆಳೆಯುವ ಕೆಲವು ಸಾರ್ಕೋಮಾಗಳೂ ಸೂಕ್ಷ್ಮದರ್ಶಕದಲ್ಲಿ ಡೆಸ್ಮಾಯ್ಡ್‌ನಂತೆಯೇ ಕಾಣಬಲ್ಲವು. ಸಾರ್ಕೋಮಾ ಎಂದರೆ ನಿಜವಾಗಿಯೂ ಹರಡುವ ಕ್ಯಾನ್ಸರ್, ಅದರ ಚಿಕಿತ್ಸೆಯ ದಾರಿಯೇ ಬೇರೆ.

ಆದ್ದರಿಂದ ಊರಿನ ಲ್ಯಾಬಿನ ವರದಿಯ ಕಾಗದ ಮಾತ್ರ ಹಿಡಿದು ಪರೇಲಿಗೆ ಬಂದರೆ ಸಾಕಾಗುವುದಿಲ್ಲ. ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ತರಬೇಕಾಗುತ್ತದೆ. ಅವನ್ನು ಇನ್ನೊಮ್ಮೆ ಪರಿಶೀಲಿಸಿ, ಬೇಕಾದರೆ ಬ್ಲಾಕಿನಿಂದ ಹೊಸ ಪದರ ಕೊಯ್ದು, ಬೀಟಾ-ಕೆಟೆನಿನ್ ಕೋಶಕೇಂದ್ರದಲ್ಲಿ ಸೇರಿಕೊಂಡಿದೆಯೇ ಎಂದು ಬಣ್ಣ ಹಾಕಿ ನೋಡುತ್ತಾರೆ. ಮತ್ಸ್ಯಗಂಧಾದಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೋ ರಾತ್ರಿಯಿಡೀ ಪ್ರಯಾಣ ಮಾಡಿ ಬಂದು, ಬ್ಲಾಕ್ ತರಲಿಲ್ಲವೆಂದು ಮತ್ತೆ ಊರಿಗೆ ಓಡುವ ಕಷ್ಟ ಯಾರಿಗೂ ಬೇಡ. ತರುವಾಗ ಅದು ಮೇಣವೆಂಬುದು ನೆನಪಿರಲಿ: ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು.

ಕತ್ತರಿಸುವುದೇಕೆ ಮೊದಲ ಆಯ್ಕೆಯಲ್ಲ?

ಮುಂಬಯಿಯ ಹಳೆಯ ಚಾಳುಗಳ (ಸಾಲುಮನೆಗಳ) ಗೋಡೆಯಲ್ಲಿ ಅರಳಿ ಗಿಡ ಹುಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಕಣ್ಣಿಗೆ ಕಾಣುವ ಗಿಡವನ್ನು ಕತ್ತರಿಸಬಹುದು. ಇಟ್ಟಿಗೆಯ ಸಂದಿಗಳಲ್ಲಿ ಎಳೆ ಎಳೆಯಾಗಿ ಹೋದ ಬೇರನ್ನು ಏನು ಮಾಡುವುದು? ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಮತ್ತೆ ಚಿಗುರುತ್ತದೆ. ಬೇರನ್ನೆಲ್ಲ ತೆಗೆಯಲು ಹೊರಟರೆ ಗೋಡೆಯನ್ನೇ ಒಡೆಯಬೇಕಾಗುತ್ತದೆ. ಡೆಸ್ಮಾಯ್ಡ್‌ಗೆ ಸುತ್ತ ಚೀಲದಂಥ ಹೊದಿಕೆ ಇರುವುದಿಲ್ಲ. ಅದರ ಅಂಚು ಸ್ನಾಯುವಿನ ಎಳೆಗಳ ನಡುವೆ ಕೈಚಾಚಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಬೆಳೆದವರ ಪ್ರಮಾಣ ಬೇರೆ ಬೇರೆ ವರದಿಗಳಲ್ಲಿ 20 ಪ್ರತಿಶತದಿಂದ 60 ಪ್ರತಿಶತದವರೆಗೂ ಇದೆ. ಅದರ ಮೇಲೆ, ಆಪರೇಷನ್ ಎಂದರೆ ದೇಹಕ್ಕೆ ಇನ್ನೊಂದು ಗಾಯ. ಗಾಯ ಎಂದರೆ ನಾರು ನೇಯುವ ಕೋಶಗಳಿಗೆ ಇನ್ನೊಂದು ಕರೆ.

ಎರಡು ದಶಕಗಳ ಹಿಂದಿನವರೆಗೂ ಅಗಲವಾಗಿ ಕೊಯ್ದು ತೆಗೆಯುವುದೇ ಮೊದಲ ಚಿಕಿತ್ಸೆಯಾಗಿತ್ತು. ಭುಜದ ಗಡ್ಡೆಗಾಗಿ ಒಂದಾದ ಮೇಲೊಂದು ಆಪರೇಷನ್ ಮಾಡಿಸಿಕೊಂಡು, ಕೊನೆಗೆ ತೋಳನ್ನು ತಲೆಯ ಮಟ್ಟಕ್ಕೆ ಎತ್ತಲಾಗದ ಸ್ಥಿತಿಗೆ ಬಂದವರಿದ್ದಾರೆ. ಸಾಮಾನ್ಯವಾಗಿ ಕೊಲ್ಲದ ರೋಗಕ್ಕೆ ಕೈಯನ್ನೇ ಬೆಲೆಯಾಗಿ ತೆರುವುದು ಸರಿಯೇ ಎಂಬ ಪ್ರಶ್ನೆ ವೈದ್ಯರಲ್ಲಿಯೇ ಎದ್ದಿತು. ವೈದ್ಯರೂ ರೋಗಿಗಳ ಸಂಘಟನೆಗಳೂ ಜೊತೆಗೂಡಿ 2020ರಲ್ಲಿ ಪ್ರಕಟಿಸಿದ ಜಾಗತಿಕ ಮಾರ್ಗಸೂಚಿ, ತಕ್ಷಣದ ಅಪಾಯವಿಲ್ಲದಿದ್ದರೆ ಗಡ್ಡೆಯನ್ನು ನಿಗಾ ಇಟ್ಟು ಗಮನಿಸುವುದೇ ಮೊದಲ ಹೆಜ್ಜೆಯಾಗಬೇಕು ಎಂದಿತು.

ಆಪರೇಷನ್ ಪೂರ್ತಿ ಕೈಬಿಟ್ಟ ಚಿಕಿತ್ಸೆಯೇನಲ್ಲ. ಹೊಟ್ಟೆಯ ಗೋಡೆಯ ಗಡ್ಡೆ ಬೆಳೆಯುತ್ತಲೇ ಹೋದರೆ ಅದನ್ನು ತೆಗೆದು, ಆ ಜಾಗಕ್ಕೆ ಜಾಲರಿ ಹಾಕಿ ಹೊಲಿಯುವುದು ಈಗಲೂ ಒಳ್ಳೆಯ ಆಯ್ಕೆ. ಅಲ್ಲಿ ಫಲಿತಾಂಶ ಬೇರೆ ಜಾಗಗಳಿಗಿಂತ ಉತ್ತಮ.

ಕಾದು ನೋಡುವುದೆಂದರೆ ಕೈಬಿಡುವುದಲ್ಲ

ಡೆಸ್ಮಾಯ್ಡ್ ಗಡ್ಡೆಗಳಲ್ಲಿ ಕೆಲವು ಬೆಳೆಯುತ್ತವೆ, ಹಲವು ಬೆಳೆದು ನಿಲ್ಲುತ್ತವೆ, ಇನ್ನು ಕೆಲವು ಯಾರೂ ಏನೂ ಮಾಡದೆ ಕುಗ್ಗುತ್ತವೆ. ಇದಕ್ಕೆ ಬಹಳ ಗಟ್ಟಿಯಾದ ಪುರಾವೆ ಸಿಕ್ಕಿದ್ದು ಒಂದು ಔಷಧದ ಪ್ರಯೋಗದಲ್ಲಿ. ಅದರಲ್ಲಿ ಔಷಧವೇ ಇಲ್ಲದ ಹುಸಿಮಾತ್ರೆ ನುಂಗಿದವರ ಗುಂಪಿನಲ್ಲಿಯೂ 20 ಪ್ರತಿಶತ ಮಂದಿಯ ಗಡ್ಡೆ ಗಣನೀಯವಾಗಿ ಕುಗ್ಗಿತ್ತು. ಎಂದರೆ, ಗೊತ್ತಾದ ದಿನವೇ ಎಲ್ಲರಿಗೂ ಚಿಕಿತ್ಸೆ ಕೊಟ್ಟರೆ, ತಾನಾಗಿ ನಿಲ್ಲಬಹುದಾಗಿದ್ದ ಗಡ್ಡೆಗೂ ಆ ಕಷ್ಟವನ್ನು ಕೊಟ್ಟಂತಾಗುತ್ತದೆ. (ಇದೇ ಕಾರಣಕ್ಕೆ, ಯಾವುದೋ ಕಷಾಯ ಕುಡಿದು ಗಂಟು ಕರಗಿತು ಎಂಬ ಮಾತು ಕೇಳಿದಾಗ, ಅದು ಕುಡಿಯದಿದ್ದರೂ ಕರಗುತ್ತಿತ್ತೇ ಎಂದು ಕೇಳಿಕೊಳ್ಳಬೇಕು.)

ನಿಗಾ ಇಡುವುದಕ್ಕೆ ಒಂದು ಕ್ರಮವಿದೆ. ಗಡ್ಡೆ ಗೊತ್ತಾದ ಒಂದೆರಡು ತಿಂಗಳಲ್ಲಿ ಮೊದಲ ಎಂಆರ್‌ಐ, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. ಸಿಟಿ ಸ್ಕ್ಯಾನ್‌ಗಿಂತ ಎಂಆರ್‌ಐ ಮೇಲು, ಏಕೆಂದರೆ ಅದರಲ್ಲಿ ವಿಕಿರಣವಿಲ್ಲ. ಮೇಲಾಗಿ ಅದು ಅಳತೆಯ ಜೊತೆಗೆ ಗಡ್ಡೆಯ ಒಳಗಿನ ಸ್ಥಿತಿಯನ್ನೂ ತೋರಿಸುತ್ತದೆ. ಕೋಶಗಳು ತುಂಬಿ ಚುರುಕಾಗಿರುವ ಭಾಗ ಒಂದು ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಬರೀ ನಾರಾಗಿ ಉಳಿದ ಭಾಗ ಕಪ್ಪಾಗುತ್ತದೆ. ಅಳತೆ ಅಷ್ಟೇ ಇದ್ದರೂ ಬಿಳಿಯಿದ್ದದ್ದು ಕಪ್ಪಾಗುತ್ತ ಬಂದರೆ ಅದು ಶುಭಸೂಚನೆ. ಒಂದು ಸ್ಕ್ಯಾನಿನಲ್ಲಿ ಸ್ವಲ್ಪ ಬೆಳೆದಂತೆ ಕಂಡ ಮಾತ್ರಕ್ಕೆ ಗಾಬರಿಯಿಂದ ಚಿಕಿತ್ಸೆಗೆ ಧುಮುಕುವುದಿಲ್ಲ. ನೋವು ಹೆಚ್ಚಿದೆಯೇ, ನರ, ರಕ್ತನಾಳ ಅಥವಾ ಕರುಳಿನ ಹತ್ತಿರ ಹೋಗುತ್ತಿದೆಯೇ ಎಂಬುದನ್ನೂ ಸೇರಿಸಿ ತೂಗುತ್ತಾರೆ.

ಡೊಂಬಿವಲಿಯ ಮನೆಯ ಅಡುಗೆಕೋಣೆಯಲ್ಲಿ ತೂಗುಹಾಕಿದ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಗೀಟುಗಳ ನಡುವೆ ಎಂಆರ್‌ಐನ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಆ ತಾರೀಕು ಹತ್ತಿರವಾದಂತೆ ಆಕೆಗೆ ನಿದ್ದೆ ಬರುವುದಿಲ್ಲ. ಕಾಯುವಾಗಿನ ಈ ಆತಂಕವೂ ರೋಗದ ಒಂದು ಭಾಗವೇ. ಆದ್ದರಿಂದ ನಿಗಾ ಇಡುವ ಅವಧಿಯಲ್ಲಿ ನೋವಿನ ಔಷಧ, ಕೀಲು ಬಿಗಿಯಾಗದಂತೆ ಫಿಸಿಯೊಥೆರಪಿ, ಬೇಕೆನಿಸಿದರೆ ಆಪ್ತಸಮಾಲೋಚನೆ ಇವೆಲ್ಲವನ್ನೂ ಕೇಳಿ ಪಡೆಯಬಹುದು. ‘ಏನೂ ಮಾಡುತ್ತಿಲ್ಲ’ ಎಂದುಕೊಂಡು ನೋವು ನುಂಗಿಕೊಂಡಿರುವುದು ಬೇಕಿಲ್ಲ.

ಔಷಧಗಳು

ಗಡ್ಡೆ ಬೆಳೆಯುತ್ತಲೇ ಇದೆ, ಅಥವಾ ನೋವು ತಡೆಯಲಾಗುತ್ತಿಲ್ಲ ಎಂದಾಗ ಔಷಧಗಳ ಸರದಿ. ಹಿಂದೆ ಟಾಮಾಕ್ಸಿಫೆನ್‌ನಂಥ ಹಾರ್ಮೋನ್ ತಡೆಯುವ ಮಾತ್ರೆಯನ್ನೂ ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳನ್ನೂ ಮೊದಲಿಗೆ ಕೊಡುತ್ತಿದ್ದರು. ಅವುಗಳಿಂದ ಗಡ್ಡೆ ಕುಗ್ಗುತ್ತದೆ ಎನ್ನಲು ಆಧಾರ ದುರ್ಬಲ.

ಮೆಥೊಟ್ರೆಕ್ಸೇಟ್ ಮತ್ತು ವಿನ್‌ಬ್ಲಾಸ್ಟಿನ್ ಎಂಬ ಎರಡು ಹಳೆಯ ಕೀಮೊ ಔಷಧಗಳನ್ನು ಸಣ್ಣ ಪ್ರಮಾಣದಲ್ಲಿ, ವಾರಕ್ಕೊಮ್ಮೆಯಂತೆ ಸುಮಾರು ಒಂದು ವರ್ಷ ಕೊಡುವ ಕ್ರಮವಿದೆ. ಇದು ಕ್ಯಾನ್ಸರ್ ಕೀಮೊದಷ್ಟು ಕಠಿಣವಲ್ಲ. ಪರಿಣಾಮ ಕಾಣಲು ತಿಂಗಳುಗಟ್ಟಲೆ ಬೇಕು, ಆದರೆ ಬಂದ ಪರಿಣಾಮ ಔಷಧ ನಿಲ್ಲಿಸಿದ ಮೇಲೂ ಹಲವರಲ್ಲಿ ಉಳಿಯುತ್ತದೆ. ಬೇಗ ಕುಗ್ಗಿಸಲೇಬೇಕಾದ ಅಪಾಯದ ಸಂದರ್ಭದಲ್ಲಿ ಡಾಕ್ಸೊರುಬಿಸಿನ್ ಇರುವ ಹೆಚ್ಚು ಬಲವಾದ ಕೀಮೊ ಬಳಸುತ್ತಾರೆ.

ಇನ್ನೊಂದು ಗುಂಪು ದಿನವೂ ನುಂಗುವ ಮಾತ್ರೆಗಳದು. ಕೋಶಗಳಿಗೆ ‘ಬೆಳೆ’ ಎಂದು ಹೇಳುವ ಕಿಣ್ವಗಳನ್ನು ಇವು ತಡೆಯುತ್ತವೆ. ಸೊರಾಫೆನಿಬ್ ಇವುಗಳಲ್ಲಿ ಮುಖ್ಯವಾದದ್ದು. ಇಮಾಟಿನಿಬ್, ಪಾಜೊಪಾನಿಬ್ ಕೂಡ ಬಳಕೆಯಲ್ಲಿವೆ. ಹುಸಿಮಾತ್ರೆಯ ಗುಂಪೂ ಇದ್ದ, ಮೇಲೆ ಹೇಳಿದ ಪ್ರಯೋಗ ನಡೆದದ್ದು ಸೊರಾಫೆನಿಬ್ ಮೇಲೆಯೇ. 87 ರೋಗಿಗಳಿದ್ದ ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಕೊನೆಗೆ ರೋಗ ಮುಂದುವರಿಯದೆ ಉಳಿದವರು ಔಷಧದ ಗುಂಪಿನಲ್ಲಿ 81 ಪ್ರತಿಶತ, ಹುಸಿಮಾತ್ರೆಯ ಗುಂಪಿನಲ್ಲಿ 36 ಪ್ರತಿಶತ. ಅಂಗೈ, ಅಂಗಾಲುಗಳ ಚರ್ಮ ಕೆಂಪಾಗಿ ಸುಲಿಯುವುದು, ಭೇದಿ, ರಕ್ತದೊತ್ತಡ ಏರುವುದು, ಆಯಾಸ ಇದರ ಅಡ್ಡಪರಿಣಾಮಗಳು. ಲೋಕಲ್ ರೈಲಿನಲ್ಲಿ ನಿಂತು, ಕಂಬಿ ಹಿಡಿದು ಕೆಲಸಕ್ಕೆ ಹೋಗುವವರಿಗೆ ಅಂಗೈ-ಅಂಗಾಲು ಉರಿ ಸಣ್ಣ ತೊಂದರೆಯಲ್ಲ. ಮೊದಲ ದಿನದಿಂದಲೇ ಮುಲಾಮು ಹಚ್ಚಿ, ಮೆತ್ತನೆಯ ಚಪ್ಪಲಿ ಹಾಕಿ, ಉರಿ ಹೆಚ್ಚಾದರೆ ತಡಮಾಡದೆ ವೈದ್ಯರಿಗೆ ತಿಳಿಸಿದರೆ ಪ್ರಮಾಣ ತಗ್ಗಿಸುತ್ತಾರೆ.

ಈ ಔಷಧದ ಬೆಲೆಯ ಕಥೆಗೂ ಮುಂಬಯಿಗೂ ನಂಟಿದೆ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಬಳಸುತ್ತಿದ್ದ ಬಾಯರ್ ಕಂಪನಿಯ ಸೊರಾಫೆನಿಬ್‌ಗೆ ಒಂದು ಕಾಲದಲ್ಲಿ ತಿಂಗಳಿಗೆ ಸುಮಾರು 2,80,000 ರೂಪಾಯಿ ಬೇಕಿತ್ತು. 2012ರ ಮಾರ್ಚ್‌ನಲ್ಲಿ ಇಲ್ಲಿನ ಪೇಟೆಂಟ್ ಕಚೇರಿಯಿಂದ ಹೊರಟ ಆದೇಶ, ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಅದೇ ಔಷಧವನ್ನು ತಿಂಗಳಿಗೆ 8,800 ರೂಪಾಯಿಗೆ ಮಾರುವ ಕಡ್ಡಾಯ ಪರವಾನಗಿಯನ್ನು, ಎಂದರೆ ಪೇಟೆಂಟ್ ಹೊಂದಿದ ಕಂಪನಿಯ ಒಪ್ಪಿಗೆ ಇಲ್ಲದೆಯೇ ತಯಾರಿಸುವ ಅನುಮತಿಯನ್ನು, ಕೊಟ್ಟಿತು. ಭಾರತದಲ್ಲಿ ಅಂಥ ಪರವಾನಗಿ ಅದೇ ಮೊದಲು. ಬಾಂಬೆ ಹೈಕೋರ್ಟ್ 2014ರಲ್ಲಿ ಅದನ್ನು ಎತ್ತಿಹಿಡಿಯಿತು. ಡೆಸ್ಮಾಯ್ಡ್‌ಗೆ ಸೊರಾಫೆನಿಬ್ ಕೆಲಸ ಮಾಡುತ್ತದೆ ಎಂಬುದು ಆ ಪ್ರಯೋಗದಲ್ಲಿ ಸಾಬೀತಾಗುವ ಹೊತ್ತಿಗೆ, ಸಾಮಾನ್ಯ ಸಂಬಳದ ಮನೆಯೊಂದು ಯೋಚಿಸಬಹುದಾದ ಬೆಲೆಯಲ್ಲಿ ಅದು ನಮ್ಮ ದೇಶದಲ್ಲಿ ಸಿಗುತ್ತಿತ್ತು.

ತೀರ ಈಚಿನದು ನಿರೊಗಾಸೆಸ್ಟಾಟ್. ಡೆಸ್ಮಾಯ್ಡ್‌ಗೆಂದೇ ಅನುಮತಿ ಪಡೆದ ಮೊದಲ ಔಷಧ ಇದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 142 ರೋಗಿಗಳ ಪ್ರಯೋಗದಲ್ಲಿ ಔಷಧ ಪಡೆದವರ ಪೈಕಿ 41 ಪ್ರತಿಶತ ಮಂದಿಯ ಗಡ್ಡೆ ಗಣನೀಯವಾಗಿ ಕುಗ್ಗಿತು, ಹುಸಿಮಾತ್ರೆಯವರಲ್ಲಿ 8 ಪ್ರತಿಶತ ಮಾತ್ರ; ನೋವೂ ಕಡಿಮೆಯಾಯಿತು. ಆದರೆ ಹೆರುವ ವಯಸ್ಸಿನ ಹೆಂಗಸರಲ್ಲಿ ನಾಲ್ವರಲ್ಲಿ ಮೂವರಿಗೆ ಅಂಡಾಶಯದ ಕೆಲಸದಲ್ಲಿ ಏರುಪೇರಾಯಿತು. ಹಲವರಲ್ಲಿ ಅದು ಆಮೇಲೆ ಸರಿಹೋಯಿತಾದರೂ, ಈ ರೋಗ ಹೆಚ್ಚಾಗಿ ಬರುವುದು ಆ ವಯಸ್ಸಿನ ಹೆಂಗಸರಿಗೇ ಆದ್ದರಿಂದ ಔಷಧ ಶುರುಮಾಡುವ ಮೊದಲೇ ಮಾತಾಡಿಕೊಳ್ಳಬೇಕಾದ ವಿಷಯವಿದು.

ವಿಕಿರಣ ಮತ್ತು ಹಿಮಸೂಜಿ

ವಿಕಿರಣ ಚಿಕಿತ್ಸೆ ಬಹಳಷ್ಟು ಮಂದಿಯಲ್ಲಿ ಗಡ್ಡೆಯನ್ನು ತಡೆಯುತ್ತದೆ. ಸಾಮಾನ್ಯ ಪ್ರಮಾಣ 56 ಗ್ರೇ (ವಿಕಿರಣದ ಅಳತೆಯ ಮಾನ), ಅದನ್ನು 28 ಸಲವಾಗಿ ಹಂಚಿ, ವಾರಕ್ಕೆ ಐದು ದಿನದಂತೆ ಕೊಡುತ್ತಾರೆ. ಕಾಯಿಲೆ ಬರುವುದು ಎಳೆಯ ವಯಸ್ಸಿನಲ್ಲಿ, ವಿಕಿರಣ ಬಿದ್ದ ಜಾಗದಲ್ಲಿ ದಶಕಗಳ ನಂತರ ಬೇರೆ ಕ್ಯಾನ್ಸರ್ ಹುಟ್ಟುವ ಸಣ್ಣ ಅಪಾಯವಿದೆ, ಕೀಲು ಬಿಗಿಯಾಗುವುದೂ ಉಂಟು. ಆದ್ದರಿಂದ ಉಳಿದ ದಾರಿಗಳು ಮುಚ್ಚಿದಾಗಲೇ ಇದನ್ನು ಯೋಚಿಸುತ್ತಾರೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದವರಿಗೆ ಐದೂವರೆ ವಾರ ಮುಂಬಯಿಯಲ್ಲಿ ಉಳಿಯುವುದೇ ದೊಡ್ಡ ಖರ್ಚು. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಕಡೆ ಜಾಗಕ್ಕಾಗಿ, ಸರಕಾರಿ ಯೋಜನೆಗಳ ಕಾಗದಪತ್ರಕ್ಕಾಗಿ ಆಸ್ಪತ್ರೆಯ ಸಮಾಜಸೇವಾ ವಿಭಾಗವನ್ನು ಮೊದಲ ದಿನವೇ ಕಾಣುವುದು ಮೇಲು.

ಹಿಮಸೂಜಿ, ಎಂದರೆ ಕ್ರಯೊಅಬ್ಲೇಷನ್: ಸ್ಕ್ಯಾನ್ ನೋಡುತ್ತಾ ಗಡ್ಡೆಯೊಳಗೆ ಸೂಜಿಗಳನ್ನು ತೂರಿಸಿ, ಆರ್ಗಾನ್ ಅನಿಲದಿಂದ ತುದಿಯನ್ನು ಸೊನ್ನೆಗಿಂತ ಬಹಳ ಕೆಳಕ್ಕೆ ತಂಪುಮಾಡಿ ಕೋಶಗಳನ್ನು ಮಂಜುಗಟ್ಟಿಸಿ ಸಾಯಿಸುವ ವಿಧಾನ. ಚಿಕ್ಕದಾದ, ನರ ಮತ್ತು ಚರ್ಮದಿಂದ ದೂರವಿರುವ ಗಡ್ಡೆಗಳಿಗೆ ಇದು ಹೊಂದುತ್ತದೆ.

ಹೊಟ್ಟೆಯೊಳಗಿನ ಗಡ್ಡೆ

ಮೇಲೆ ಹೇಳಿದ ನಿಧಾನದ ಮಾತು ಇಲ್ಲಿ ಅಷ್ಟು ಸುಲಭವಾಗಿ ಅನ್ವಯಿಸುವುದಿಲ್ಲ. ಕರುಳಿನ ಪದರದಲ್ಲಿ ಬೆಳೆದ ಡೆಸ್ಮಾಯ್ಡ್ ಕರುಳನ್ನು ಹಿಂಡಬಹುದು, ತೂತು ಮಾಡಬಹುದು, ಮೂತ್ರನಾಳವನ್ನು ಒತ್ತಬಹುದು. ಅಲ್ಲಿ ಆಪರೇಷನ್ ಎಂದರೆ ಕರುಳಿನ ಉದ್ದವಾದ ಭಾಗವನ್ನು ಕಳೆದುಕೊಳ್ಳುವ ಸಂಭವವೂ ಇರುವುದರಿಂದ ಔಷಧಕ್ಕೆ ಮೊದಲ ಮಣೆ, ನಿಗಾ ಇನ್ನೂ ಬಿಗಿ. ಇಂಥ ಗಡ್ಡೆ ಇದೆಯೆಂದು ಗೊತ್ತಿರುವವರಿಗೆ ಹೊಟ್ಟೆ ಉಬ್ಬರಿಸಿ ನಿಲ್ಲದ ವಾಂತಿ, ಗಾಳಿಯೂ ಹೋಗದಂಥ ಮಲಬದ್ಧತೆ, ಒಮ್ಮೆಗೇ ಬಂದ ತೀವ್ರ ಹೊಟ್ಟೆನೋವು ಅಥವಾ ಜ್ವರ ಕಾಣಿಸಿದರೆ ಮುಂದಿನ ಒಪಿಡಿ ದಿನಕ್ಕೆ ಕಾಯದೆ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆ ರಾತ್ರಿಯೇ ಹೋಗಬೇಕು. ಫೈಲ್ ಕೈಯಲ್ಲಿರಲಿ, ಅಲ್ಲಿನ ಡ್ಯೂಟಿ ಡಾಕ್ಟರು ಈ ರೋಗವನ್ನು ಎಂದೂ ನೋಡಿರದೆ ಇರಬಹುದು.

ಇನ್ನೊಂದು ಮಗು?

ಡೊಂಬಿವಲಿಯ ಸೊಸೆ ಕೊನೆಗೆ ಕೇಳಿದ್ದು ಇದನ್ನು, ಅದೂ ಅತ್ತೆ ಪಕ್ಕದ ಕೋಣೆಗೆ ಹೋದ ಮೇಲೆ. ಗರ್ಭಿಣಿಯಾದಾಗ ಡೆಸ್ಮಾಯ್ಡ್ ಬೆಳೆಯಬಹುದು, ಒಮ್ಮೆ ಹೋದದ್ದು ಮತ್ತೆ ಕಾಣಿಸಿಕೊಳ್ಳಲೂಬಹುದು. ಆದರೆ ಹೆರಿಗೆಯ ನಂತರ ಅದು ನಿಂತ, ತಾನಾಗಿ ಕುಗ್ಗಿದ ಉದಾಹರಣೆಗಳೂ ಸಾಕಷ್ಟಿವೆ. ಗಡ್ಡೆ ಇದೆ ಎಂಬ ಒಂದೇ ಕಾರಣಕ್ಕೆ ಬಸುರು ಬೇಡವೆಂದು ವೈದ್ಯರು ಹೇಳುವುದಿಲ್ಲ. ಅದು ಇರುವ ಜಾಗ ನೋಡಿ, ಹೆರಿಗೆಯ ವೈದ್ಯರನ್ನೂ ಗಡ್ಡೆಯ ವೈದ್ಯರನ್ನೂ ಜೊತೆಯಾಗಿ ಕೇಳಿ ಮುಂದುವರಿಯಬೇಕು. ಮೆಥೊಟ್ರೆಕ್ಸೇಟ್, ಸೊರಾಫೆನಿಬ್, ನಿರೊಗಾಸೆಸ್ಟಾಟ್ ಈ ಮೂರೂ ಭ್ರೂಣಕ್ಕೆ ಹಾನಿ ಮಾಡುವಂಥವು. ಅವನ್ನು ತೆಗೆದುಕೊಳ್ಳುವಾಗ ಗರ್ಭನಿರೋಧ ಕಡ್ಡಾಯ. ನಿಲ್ಲಿಸಿದ ಮೇಲೆ ಎಷ್ಟು ತಿಂಗಳು ಬಿಡಬೇಕೆಂಬುದು ಔಷಧದಿಂದ ಔಷಧಕ್ಕೆ ಬೇರೆ. ಆಕೆಗೆ ಸದ್ಯ ಯಾವ ಔಷಧವೂ ನಡೆಯುತ್ತಿಲ್ಲ. ಮುಂದಿನ ಎಂಆರ್‌ಐಗೆ ಹೋಗುವಾಗ ಈ ಪ್ರಶ್ನೆಯನ್ನೇ ಮೊದಲು ಕೇಳುವುದಾಗಿ ಹೇಳಿ, ಫೈಲಿನ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು.